ಕೆನೂ ಪ್ರವಾಸಕ್ಕೆ ಗಂಟುಮೂಟೆ: ಏನು, ಎಷ್ಟು, ಯಾವುದರ ಮೇಲೆ ಯಾವುದು

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹುಟ್ಟು ಹಾಕಲು ಬರುತ್ತದೆ, ಆದರೆ ಕಾಡಿನಲ್ಲಿ ತಂಗುತ್ತಾ ಐದಾರು ದಿನ ಸಾಗುವ ಪ್ರವಾಸ ಇನ್ನೂ ಮಾಡಿಲ್ಲ ಎನ್ನುವವರೇ ಇಲ್ಲಿ ಹೆಚ್ಚಿದ್ದೀರಿ ಎಂದು ಸಂಘಟಕರು ಹೇಳಿದ್ದಾರೆ. ಹಾಗಾಗಿ ಹುಟ್ಟು ಹಾಕುವ ಕಲೆಯ ಗೋಜಿಗೆ ಹೋಗುವುದಿಲ್ಲ. ಇವತ್ತಿನ ಮಾತೆಲ್ಲ ಸಾಮಾನಿನದು.

ಕೆನೂ ಎಂದರೆ ಹುಟ್ಟು ಹಾಕಿ ನಡೆಸುವ, ಮೇಲೆ ತೆರೆದ, ಉದ್ದನೆಯ ಕಿರಿದಾದ ದೋಣಿ. 17 ಅಡಿಯ ಕೆನೂ ಇಬ್ಬರನ್ನು ಕೂರಿಸಿಕೊಂಡು, ಮೇಲೆ ನೂರು ಕಿಲೋ ಸಾಮಾನನ್ನೂ ಸಲೀಸಾಗಿ ಹೊರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಚಾರಣಕ್ಕೆ ಹೊರಟವರು ಮನೆಯಲ್ಲೇ ಚೀಲ ಬೆನ್ನಿಗೇರಿಸಿ ನೋಡುತ್ತಾರೆ, ಭಾರ ಅನ್ನಿಸಿದರೆ ಅರ್ಧ ತೆಗೆದಿಡುತ್ತಾರೆ. ಕೆನೂವಿನಲ್ಲಿ ಹೊರಟವರಿಗೆ ಈ ಎಚ್ಚರಿಕೆ ಸಿಗುವುದಿಲ್ಲ. ದಡದಲ್ಲಿ ನಿಂತ ದೋಣಿಯಲ್ಲಿ ಇನ್ನೂ ಜಾಗ ಕಾಣುತ್ತಲೇ ಇರುತ್ತದೆ. ಮಡಚುವ ಕುರ್ಚಿ ಒಳಗೆ ಹೋಗುತ್ತದೆ, ಎರಡನೇ ಬಾಣಲೆಯೂ ಹೋಗುತ್ತದೆ, ‘ಇರಲಿ ಬಿಡಿ’ ಎಂದು ಇನ್ನೊಂದು ಚೀಲವೂ ಹೋಗುತ್ತದೆ.

ಆದರೆ ನಿಮ್ಮ ಸಾಮಾನನ್ನು ದೋಣಿ ಹೊರದ ಸಂದರ್ಭಗಳು ಎರಡಿವೆ. ನೆಲದ ಮೇಲೆ ದೋಣಿಯನ್ನೇ ನೀವು ಹೊತ್ತು ನಡೆಯುವಾಗ, ಮತ್ತು ದೋಣಿ ಮಗುಚಿದಾಗ. ಏನು ಒಯ್ಯಬೇಕು, ಎಷ್ಟು, ಯಾವುದನ್ನು ಎಲ್ಲಿಡಬೇಕು ಎಂಬ ಪ್ರಶ್ನೆಗಳನ್ನೆಲ್ಲ ಈ ಎರಡು ಸಂದರ್ಭಗಳ ಮುಂದಿಟ್ಟು ಕೇಳಿಕೊಳ್ಳಬೇಕು. ಮಾರುಕಟ್ಟೆಯಲ್ಲಿ ಸಿಗುವ ಉದ್ದುದ್ದ ಪಟ್ಟಿಗಳಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಹೊರೆಯ ಲೆಕ್ಕ

ಕಾಡಿನ ಜಲಮಾರ್ಗ ಒಂದೇ ಸಮನೆ ಸಾಗುವುದಿಲ್ಲ. ಒಂದು ಸರೋವರ ಮುಗಿದರೆ ಮುಂದಿನ ಸರೋವರಕ್ಕೆ ಕಾಲುದಾರಿ ಹಿಡಿಯಬೇಕು. ನದಿಯಲ್ಲಿ ಜಲಪಾತ ಸಿಕ್ಕರೆ ಬಳಸಿಕೊಂಡು ಹೋಗಬೇಕು. ಈ ದಾಟುದಾರಿಯೇ ಪೋರ್ಟೇಜ್. ಅಮೆರಿಕದ ಮಿನೆಸೋಟದ ಬೌಂಡರಿ ವಾಟರ್ಸ್ ಪ್ರದೇಶದಲ್ಲಿ ಇದರ ಉದ್ದವನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯಲ್ಲೇ ಹೇಳುತ್ತಾರೆ. 1 ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕೆನೂವಿನ ಉದ್ದ. 320 ರಾಡ್ ಸೇರಿದರೆ 1 ಮೈಲಿ.

ಈಗ 1 ಕಿಲೋಮೀಟರ್ ಉದ್ದದ ಪೋರ್ಟೇಜ್ ಒಂದನ್ನು ಇಬ್ಬರು ದಾಟಬೇಕು ಎಂದಿಟ್ಟುಕೊಳ್ಳಿ. ಕೆನೂ ಕೂಡ ಒಂದು ಹೊರೆ ಎಂಬುದನ್ನು ಮರೆಯಬಾರದು. ಕೆವ್ಲಾರ್ ಎಂಬ ಗಟ್ಟಿ ಕೃತಕ ನಾರಿನಿಂದ ಮಾಡಿದ 17 ಅಡಿಯ ಹಗುರ ಕೆನೂ ಸುಮಾರು 20 ಕಿಲೋ ತೂಗುತ್ತದೆ, ಅದೇ ಉದ್ದದ ಅಲ್ಯೂಮಿನಿಯಂ ಕೆನೂ ಸುಮಾರು 34 ಕಿಲೋ. ನಡುವಿನ ಅಡ್ಡಪಟ್ಟಿಗೆ ನೊಗದ ಆಕಾರ ಇರುತ್ತದೆ. ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಒಬ್ಬರೇ ಹೊರುವುದು ರೂಢಿ.

ಕೆನೂ ಸೇರಿ ಒಟ್ಟು ಎರಡೇ ಹೊರೆ ಇದ್ದರೆ ಇಬ್ಬರೂ ಒಂದೊಂದು ಹೊತ್ತು ಒಂದೇ ಸಲಕ್ಕೆ ದಾಟುತ್ತಾರೆ. ತಲಾ 1 ಕಿಲೋಮೀಟರ್ ನಡಿಗೆ. ನಾಲ್ಕು ಹೊರೆ ಇದ್ದರೆ ಹೋಗಬೇಕು, ಖಾಲಿ ಕೈಯಲ್ಲಿ ಹಿಂದಿರುಗಬೇಕು, ಮತ್ತೆ ಹೋಗಬೇಕು. ತಲಾ 3 ಕಿಲೋಮೀಟರ್. ಮೂರು ಹೊರೆಯಾದರೂ ಅಷ್ಟೇ ತಾನೇ ಎಂದು ಬಹಳ ಮಂದಿ ಅಂದುಕೊಳ್ಳುತ್ತಾರೆ. ಇಲ್ಲೊಂದು ಉಪಾಯವಿದೆ. ಮೊದಲನೆಯವರು ಕೆನೂ ಹೊತ್ತು ಅರ್ಧ ದಾರಿಗೆ ಹೋಗಿ, ಮೂತಿಯನ್ನು ಗಟ್ಟಿಯಾದ ಕೊಂಬೆಗೆ ಆನಿಸಿ ಇಟ್ಟು, ಹಿಂದಿರುಗಿ ಮೂರನೇ ಹೊರೆಯನ್ನು ಕೊನೆಯ ತನಕ ಒಯ್ಯುತ್ತಾರೆ. ಎರಡನೆಯವರು ತಮ್ಮ ಚೀಲವನ್ನು ಕೊನೆ ಮುಟ್ಟಿಸಿ, ಅರ್ಧ ದಾರಿಗೆ ವಾಪಸ್ ಬಂದು ಕೆನೂ ಎತ್ತಿಕೊಳ್ಳುತ್ತಾರೆ. ಇಬ್ಬರ ನಡಿಗೆಯೂ ತಲಾ 2 ಕಿಲೋಮೀಟರಿಗೆ ಮುಗಿಯಿತು. ಅಂದರೆ ನಾಲ್ಕನೇ ಹೊರೆಯೊಂದನ್ನು ಕಡಿಮೆ ಮಾಡಿದರೆ ಪ್ರತಿ ಕಿಲೋಮೀಟರ್ ಪೋರ್ಟೇಜಿಗೆ ತಲಾ ಒಂದು ಕಿಲೋಮೀಟರ್ ನಡಿಗೆ ಉಳಿಯುತ್ತದೆ. ಮಡಚುವ ಕುರ್ಚಿಯ ನಿಜವಾದ ತೂಕ ಗೊತ್ತಾಗುವುದು ಈ ಲೆಕ್ಕ ಹಾಕಿದಾಗ.

ಆದ್ದರಿಂದ ಸಾಮಾನಿನ ಪಟ್ಟಿ ಬರೆಯುವ ಮೊದಲು ಹೊರೆಗಳ ಪಟ್ಟಿ ಬರೆಯಿರಿ. ಇಬ್ಬರಿಗೆ ನಾವು ಹೇಳುವುದು ಹೀಗೆ: ಕೆನೂ ಒಂದು, ಬಟ್ಟೆ–ಹಾಸಿಗೆ–ಡೇರೆಯ ದೊಡ್ಡ ಚೀಲ ಒಂದು, ಊಟ ಮತ್ತು ಅಡುಗೆಯದು ಒಂದು. ಇವಲ್ಲದೆ ಐದಾರು ಕಿಲೋದ ಪುಟ್ಟ ಹಗಲುಚೀಲ. ಕೆನೂ ಹೊರುವವರು ಅದನ್ನು ಬೆನ್ನಿಗೆ ಹಾಕಿಕೊಳ್ಳಬಹುದು. ಯಾವ ಚೀಲವೂ 20–23 ಕಿಲೋ ಮೀರದಿರಲಿ. ಕೆನಡಾದ ತುಪ್ಪಳ ವ್ಯಾಪಾರದ ಕಾಲದಲ್ಲಿ ದೋಣಿಯಾಳುಗಳು 90 ಪೌಂಡಿನ, ಅಂದರೆ ಸುಮಾರು 41 ಕಿಲೋದ ಮೂಟೆಗಳನ್ನು ಎರಡೆರಡಾಗಿ ಹೊರುತ್ತಿದ್ದರು. ಅದು ಅವರ ಹೊಟ್ಟೆಪಾಡು, ನಾವು ಅನುಕರಿಸಬೇಕಾದ್ದಲ್ಲ.

ಕೈಯಲ್ಲಿ ಹಿಡಿಯುವ ಬಿಡಿ ಸಾಮಾನು ಒಂದೂ ಇರಬಾರದು. ನೀರಿನ ಬಾಟಲಿ, ಕ್ಯಾಮೆರಾ, ಮೀನು ಹಿಡಿಯುವ ಕೋಲು, ಬಿಚ್ಚಿಟ್ಟ ಜಾಕೆಟ್: ಪೋರ್ಟೇಜುಗಳಲ್ಲಿ ಮರೆತು ಉಳಿಯುವುದು ಇವೇ. ಕಾರಣ ಸರಳ, ಇವು ಯಾವ ಹೊರೆಗೂ ಸೇರಿರುವುದಿಲ್ಲ. ಹುಟ್ಟುಗಳನ್ನು ದೋಣಿಯೊಳಗೇ ಅಡ್ಡಪಟ್ಟಿಗಳಿಗೆ ಎರಡು ರಬ್ಬರ್ ಪಟ್ಟಿಯಿಂದ ಸಿಕ್ಕಿಸಿ. ಪ್ರತಿ ಚೀಲಕ್ಕೂ ಒಂದು ಸಂಖ್ಯೆ ಕೊಟ್ಟು, ದಡ ಬಿಡುವ ಮೊದಲು ಜೋರಾಗಿ ಎಣಿಸುವುದು ತಮಾಷೆಯಂತೆ ಕಾಣಬಹುದು, ಆದರೆ ಊಟದ ಚೀಲವನ್ನು ಎರಡು ಸರೋವರ ಹಿಂದೆ ಬಿಟ್ಟು ಬಂದವರಿಗೆ ಕಾಣುವುದಿಲ್ಲ.

ಚೀಲ, ಮತ್ತು ಚೀಲದೊಳಗಿನ ಚೀಲ

ಚಾರಣದ ಎತ್ತರದ ಚೀಲ ಕೆನೂವಿಗೆ ಒಗ್ಗುವುದಿಲ್ಲ. ಅದರ ಚೌಕಟ್ಟು ಅಡ್ಡಪಟ್ಟಿಗಳ ನಡುವೆ ಮಲಗಲು ಬಿಡುವುದಿಲ್ಲ. ನಿಲ್ಲಿಸಿದರೆ ದೋಣಿಯ ಅಂಚಿಗಿಂತ ಮೇಲೆ ಎದ್ದು ಗಾಳಿ ಹಿಡಿಯುತ್ತದೆ, ಭಾರವನ್ನೂ ಮೇಲಕ್ಕೆ ತರುತ್ತದೆ. ಅದನ್ನು ಹಾಕಿಕೊಂಡೇ ಕೆನೂ ಹೊತ್ತರೆ ಚೀಲದ ತಲೆ ದೋಣಿಯ ಒಳಮೈಗೆ ಬಡಿಯುತ್ತಿರುತ್ತದೆ. ಕೆನೂಚೀಲ ಅಗಲ, ಗಿಡ್ಡ, ಚೌಕಟ್ಟಿಲ್ಲದ್ದು. 100ರಿಂದ 115 ಲೀಟರ್ ಹಿಡಿಸುತ್ತದೆ. ಮಿನೆಸೋಟದ ಡುಲೂತ್ ಊರಿನ ಕಮೀಲ್ ಪೊಯ್ರಿಯೆ 1882ರಲ್ಲಿ ಪೇಟೆಂಟ್ ಪಡೆದ ಚೀಲ ಇದೇ ಜಾತಿಯದು. ಬಟ್ಟೆ, ಬಕಲ್ ಬದಲಾಗಿವೆ, ಆಕಾರ ಅಷ್ಟೇನೂ ಬದಲಾಗಿಲ್ಲ.

ಹೊರಚೀಲ ನೀರು ತಡೆಯುತ್ತದೆ ಎಂದು ನಂಬಿ ಕೂರಬೇಡಿ. ನೀರು ತಡೆಯುವ ಕೆಲಸ ಒಳಚೀಲದ್ದು. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇವೆ, ಏಕೆಂದರೆ ಒದ್ದೆ ಸ್ಲೀಪಿಂಗ್ ಬ್ಯಾಗಿನ ಹಿಂದೆ ಬಹುತೇಕ ಇಲ್ಲಿಯ ತಪ್ಪೇ ಇರುತ್ತದೆ.

ದಪ್ಪ ಪ್ಲಾಸ್ಟಿಕ್ಕಿನ ಒಂದು ದೊಡ್ಡ ಚೀಲ ತೆಗೆದುಕೊಳ್ಳಿ. ಕಸಕ್ಕೆ ಬಳಸುವ ತೆಳು ಚೀಲ ಎರಡನೇ ದಿನಕ್ಕೇ ತೂತು ಬೀಳುತ್ತದೆ. ಅದು ಹೊರಚೀಲಕ್ಕಿಂತ ಒಂದೂವರೆ ಪಟ್ಟು ಉದ್ದವಿರಬೇಕು, ಇಲ್ಲದಿದ್ದರೆ ಬಾಯಿ ಕಟ್ಟಲು ಮಿಗುವುದಿಲ್ಲ. ಅದರ ಒಳಕ್ಕೆ ಗಟ್ಟಿ ಬಟ್ಟೆಯ ಇನ್ನೊಂದು ಚೀಲ ಇಳಿಬಿಟ್ಟು, ಸಾಮಾನನ್ನು ಆ ಬಟ್ಟೆಯ ಚೀಲಕ್ಕೆ ತುಂಬಿ. ಪ್ಲಾಸ್ಟಿಕ್ ಹೆಚ್ಚಾಗಿ ಹರಿಯುವುದು ಒಳಗಿನಿಂದ: ಜಿಪ್ಪು, ಬೂಟಿನ ಅಂಚು, ಟಾರ್ಚಿನ ಮೂಲೆ. ಬಟ್ಟೆಯ ಪದರ ಆ ಉಜ್ಜಾಟವನ್ನು ತಾನು ತೆಗೆದುಕೊಳ್ಳುತ್ತದೆ. ತುಂಬಿದ ಮೇಲೆ ಮಂಡಿಯೂರಿ ಒತ್ತಿ ಗಾಳಿ ಹೊರಹಾಕಿ. ಪೂರ್ತಿ ಬೇಡ, ಒಂದಿಷ್ಟು ಗಾಳಿ ಉಳಿದರೆ ಚೀಲ ಚೆನ್ನಾಗಿ ತೇಲುತ್ತದೆ. ಪ್ಲಾಸ್ಟಿಕ್ಕಿನ ಬಾಯಿಯನ್ನು ಒಂದೇ ದಿಕ್ಕಿಗೆ ತಿರುಚುತ್ತಾ ಹೋಗಿ, ಗಟ್ಟಿ ಹುರಿಯಾದಾಗ ಅದನ್ನು ಹಿಮ್ಮಡಚಿ, ಮಡಿಕೆಯ ಬುಡಕ್ಕೆ ರಬ್ಬರ್ ಪಟ್ಟಿ ನಾಲ್ಕೈದು ಸುತ್ತು ಬಿಗಿಯಿರಿ. ಬರೀ ಗಂಟು ಹಾಕಿದರೆ ಮಡಿಕೆಗಳ ಸಂದಿನಲ್ಲಿ ನೀರು ಇಳಿಯುತ್ತದೆ, ಅದೂ ಅಲ್ಲದೆ ಸಂಜೆ ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಬಿಚ್ಚಲು ಬರುವುದಿಲ್ಲ.

ಬಾಯಿ ಸುರುಳಿ ಸುತ್ತುವ ಡ್ರೈಬ್ಯಾಗ್ ಬಳಸುವವರು ಕನಿಷ್ಠ ಮೂರು ಸುತ್ತು ಸುತ್ತಬೇಕು. ತುಂಬಿ ತುಳುಕಿಸಿದರೆ ಒಂದೂವರೆ ಸುತ್ತಿಗೇ ಬಕಲ್ ಹಾಕಬೇಕಾಗುತ್ತದೆ. ಅಂಥ ಚೀಲ ಮಳೆಗೆ ಪರವಾಗಿಲ್ಲ, ನೀರಿಗೆ ಬಿದ್ದರೆ ಕಷ್ಟ. ಮಡಿಕೆಯಲ್ಲಿ ಮರಳಿನ ಕಣ ಸಿಕ್ಕಿಕೊಂಡರೂ ಅದೇ ಗತಿ.

ಊಟಕ್ಕೆ ನಮ್ಮ ಮತ ಪ್ಲಾಸ್ಟಿಕ್ ಬ್ಯಾರೆಲ್ಲಿಗೆ. 30 ಲೀಟರಿನದು ಇಬ್ಬರಿಗೆ, 60 ಲೀಟರಿನದು ನಾಲ್ವರಿಗೆ. ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್, ಸುತ್ತ ಲೋಹದ ಬಿಗಿಪಟ್ಟಿ. ಒಳಗಿರುವುದು ಜಜ್ಜುವುದಿಲ್ಲ, ಸಂಜೆ ಅದರ ಮೇಲೆ ಕೂರಲೂಬಹುದು. ಮುಚ್ಚುವ ಮೊದಲು ಗ್ಯಾಸ್ಕೆಟ್ ಸುತ್ತ ಒಮ್ಮೆ ಬೆರಳಾಡಿಸಿ. ಒಂದು ಅಕ್ಕಿಕಾಳು ಕೂತಿದ್ದರೂ ಅಷ್ಟು ಜಾಗದಲ್ಲಿ ನೀರು ಜಿನುಗುತ್ತದೆ. ಇನ್ನೊಂದು ಲಾಭವಿದೆ: 60 ಲೀಟರಿನ ಬ್ಯಾರೆಲ್ 20 ಕಿಲೋ ತೂಗುತ್ತಿದ್ದರೆ, ನೀರಿನಲ್ಲಿ ಅದು ಇನ್ನೂ 40 ಕಿಲೋದಷ್ಟನ್ನು ಎತ್ತಿ ಹಿಡಿಯಬಲ್ಲದು. ಮಗುಚಿದ ದೋಣಿಗೆ ಇದು ದೊಡ್ಡ ಆಸರೆ. ಹೊರಲು ಮಾತ್ರ ಒಳ್ಳೆಯ ಹೆಗಲುಪಟ್ಟಿ, ಸೊಂಟಪಟ್ಟಿ ಇರುವ ಜೋಡಣೆ ಬೇಕು. ಬರಿಯ ಎರಡು ಬೆಲ್ಟು ಕಟ್ಟಿದ ಬ್ಯಾರೆಲ್ ಬೆನ್ನುಮೂಳೆಗೆ ಒತ್ತಿ ಒತ್ತಿ ಅರ್ಧ ದಾರಿಯಲ್ಲೇ ಸಾಕುಮಾಡಿಸುತ್ತದೆ.

ಮಳೆಯಲ್ಲಿ ದಡ ಸೇರಿದಾಗ

ಯಾವುದರ ಮೇಲೆ ಯಾವುದು ಎಂಬುದಕ್ಕೆ ಒಂದೇ ಪರೀಕ್ಷೆ. ಸಂಜೆ ಜೋರು ಮಳೆ, ನೀವು ಈಗಷ್ಟೇ ದಡ ಸೇರಿದ್ದೀರಿ. ಮೊದಲು ಕೈಗೆ ಬೇಕಾದದ್ದು ಟಾರ್ಪಾಲು. ಹಾಗಾದರೆ ಅದು ಎಲ್ಲಕ್ಕಿಂತ ಮೇಲೆ, ಒಳಚೀಲದ ಹೊರಗೆ. 3 ಮೀಟರ್‌ಗೆ 4 ಮೀಟರ್ ಅಳತೆಯದು ನಾಲ್ವರಿಗೆ ಅಡುಗೆ ಮಾಡಿಕೊಂಡು ಕೂರಲು ಸಾಕು. ಅದರ ಜೊತೆಗೇ 12 ಮೀಟರಿನ ನಡುಹಗ್ಗ ಒಂದು, ಮೂರು ಮೀಟರಿನ ತೆಳುಹಗ್ಗ ಎಂಟು, ಮೂಲೆಗಳಿಗೆ ಮೊದಲೇ ಕಟ್ಟಿಟ್ಟಿರಲಿ. ಮಳೆಯಲ್ಲಿ ನಿಂತು ಸಿಕ್ಕು ಬಿಡಿಸುವ ಕೆಲಸ ಯಾರಿಗೂ ಬೇಡ.

ಟಾರ್ಪಾಲಿನ ಕೆಳಗೆ ಡೇರೆ, ಅದೂ ಒಳಚೀಲದ ಹೊರಗೇ. ಡೇರೆಯನ್ನು ಬಹುಪಾಲು ದಿನ ಬೆಳಗಿನ ಇಬ್ಬನಿಯಲ್ಲಿ ಒದ್ದೆಯಾಗಿಯೇ ಮಡಚಬೇಕಾಗುತ್ತದೆ. ಒಣಗಿದ ಹಾಸಿಗೆಯ ಜೊತೆ ಅದನ್ನು ತುರುಕಿದರೆ ಇಷ್ಟೆಲ್ಲ ಕಟ್ಟಿದ್ದೂ ದಂಡ. ಡೇರೆಯ ಕಡ್ಡಿಗಳನ್ನು ಬೇರೆ ಸುತ್ತಿ ಚೀಲದ ಪಕ್ಕಕ್ಕೆ ಉದ್ದುದ್ದ ಇಳಿಸಿ, ಕಳಚಿ ಬೀಳದಂತೆ ಕಟ್ಟಿ.

ಒಳಚೀಲದೊಳಗೆ ತಳದಲ್ಲಿ ಸ್ಲೀಪಿಂಗ್ ಬ್ಯಾಗ್, ಅದರ ಮೇಲೆ ಒಣಬಟ್ಟೆ, ಬೆನ್ನಿಗೆ ತಾಗುವ ಕಡೆ ಮಲಗುವ ಚಾಪೆ. ಭಾರದ ವಸ್ತುಗಳು ಬೆನ್ನಿಗೆ ಹತ್ತಿರವಿದ್ದಷ್ಟೂ ಚೀಲ ಹಿಂದಕ್ಕೆ ಎಳೆಯುವುದಿಲ್ಲ. ಡೇರೆಯ ತಳಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಅನೇಕರು ಹೊರಗೆ ಹಾಸುತ್ತಾರೆ. ಅದು ಡೇರೆಯ ಅಂಚಿನಾಚೆ ಒಂದು ಬೆರಳಷ್ಟು ಚಾಚಿದರೂ ಮಳೆನೀರು ಅದರ ಮೇಲಿಳಿದು ಎರಡರ ನಡುವೆ ನಿಲ್ಲುತ್ತದೆ, ನಿಮ್ಮ ಭಾರಕ್ಕೆ ಹೊಲಿಗೆಯಿಂದ ಒಳಬರುತ್ತದೆ. ಹಾಳೆಯನ್ನು ಡೇರೆಯ ಒಳಗೇ, ಅಂಚು ಸ್ವಲ್ಪ ಮೇಲೆದ್ದಿರುವಂತೆ ಹಾಸಿದರೆ ಕೆಳಗಿನಿಂದ ನೀರು ಬಂದರೂ ಹಾಸಿಗೆ ಒದ್ದೆಯಾಗುವುದಿಲ್ಲ.

ಹಗಲುಚೀಲದಲ್ಲಿ ದಿನವಿಡೀ ಕೈಗೆ ಸಿಗಬೇಕಾದ್ದು: ಮಳೆಕೋಟು, ಮಧ್ಯಾಹ್ನದ ಊಟ, ನೀರು ಶುದ್ಧಿ ಮಾಡುವ ಸಾಧನ, ಪ್ರಥಮ ಚಿಕಿತ್ಸೆಯ ಪೊಟ್ಟಣ, ಬಿಸಿಲಿಗೆ ಹಚ್ಚುವ ಮುಲಾಮು, ಸೊಳ್ಳೆ ಓಡಿಸುವ ದ್ರವ, ಶೌಚದ ಸಾಮಾನು. ಶೌಚಕ್ಕೆ ಪುಟ್ಟ ಕೈಗುದ್ದಲಿ ಇರಲೇಬೇಕು. ನೀರಿನಿಂದ 60 ಮೀಟರ್ ದೂರ, 15–20 ಸೆಂಟಿಮೀಟರ್ ಆಳದ ಗುಂಡಿ.

ಬಟ್ಟೆ: ಒದ್ದೆಯದು ಒಂದು, ಒಣಗಿದ್ದು ಒಂದು

ಆರು ದಿನಕ್ಕೆ ಆರು ಜೊತೆ ಬೇಕಿಲ್ಲ. ಎರಡು ಜೊತೆ ಸಾಕು. ಹಗಲಿನ ಜೊತೆ ನೆನೆಯಲೆಂದೇ ಇರುವುದು: ಪಾಲಿಯೆಸ್ಟರ್ ಅಂಗಿ, ಬೇಗ ಒಣಗುವ ಪ್ಯಾಂಟು, ಉಣ್ಣೆಯ ಕಾಲುಚೀಲ, ನೀರಿಗಿಳಿಯುವ ಬೂಟು. ರಾತ್ರಿಯ ಜೊತೆ ಡೇರೆಯ ಜಾಗ ಮುಟ್ಟುವ ತನಕ ಚೀಲ ಬಿಟ್ಟು ಹೊರಗೆ ಬರಬಾರದು. ನಿಯಮ ಮುರಿಯುವುದು ಬೆಳಿಗ್ಗೆ. ಚಳಿಯಲ್ಲಿ ಒದ್ದೆ ಕಾಲುಚೀಲ ಹಾಕಲು ಮನಸ್ಸು ಬಾರದೆ ಒಣಗಿದ್ದನ್ನು ಹಾಕಿಕೊಳ್ಳುತ್ತಾರೆ, ದೋಣಿ ಹತ್ತುವಾಗಲೇ ಅದೂ ನೆನೆಯುತ್ತದೆ, ಆ ರಾತ್ರಿಗೆ ಏನೂ ಉಳಿಯುವುದಿಲ್ಲ. ಒದ್ದೆ ಕಾಲುಚೀಲದ ಕಷ್ಟ ಐದು ನಿಮಿಷದ್ದು, ಸಹಿಸಿಕೊಳ್ಳಿ.

ಹತ್ತಿ ಬೇಡ. ಅದು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಮೈಯ ಶಾಖವನ್ನು ಎಳೆಯುತ್ತದೆ, ಒಣಗುವುದಿಲ್ಲ. ಜೀನ್ಸ್ ಅಂತೂ ಬೇಡವೇ ಬೇಡ. ಮಳೆಗೆ ಕೋಟು ಮತ್ತು ಪ್ಯಾಂಟು ಬೇರೆ ಬೇರೆ ಇರಲಿ. ಮೈತುಂಬ ಹೊದೆಯುವ ಪೊಂಚೊ ನೀರಿಗೆ ಬಿದ್ದಾಗ ಕೈಕಾಲಿಗೆ ಸುತ್ತಿಕೊಳ್ಳುತ್ತದೆ. ಟೋಪಿ, ಉಣ್ಣೆಯ ಕುಲಾವಿ, ಒಂದು ದಪ್ಪ ಫ್ಲೀಸ್, ಇಷ್ಟು ಸೇರಿಸಿದರೆ ಬೇಸಿಗೆಯ ಪ್ರವಾಸಕ್ಕೆ ಬಟ್ಟೆಯ ಮಾತು ಮುಗಿಯಿತು.

ಊಟದ ತೂಕ

ದಿನವಿಡೀ ಹುಟ್ಟು ಹಾಕಿ, ಹೊರೆ ಹೊತ್ತವರಿಗೆ ಸುಮಾರು 3000 ಕ್ಯಾಲೊರಿ ಬೇಕಾಗುತ್ತದೆ. ಒಣ ಆಹಾರದಲ್ಲಿ ಸರಾಸರಿ ಗ್ರಾಮಿಗೆ 4 ಕ್ಯಾಲೊರಿ ಹಿಡಿದರೆ ತಲಾ ದಿನಕ್ಕೆ 750 ಗ್ರಾಂ. ಇಬ್ಬರಿಗೆ 6 ದಿನಕ್ಕೆ 9 ಕಿಲೋ. ಗಾಳಿ ಎದ್ದು ಒಂದು ದಿನ ದಡದಲ್ಲೇ ಕೂರಬೇಕಾದೀತೆಂದು ಇನ್ನೊಂದು ದಿನದ್ದು ಒಂದೂವರೆ ಕಿಲೋ. ನಾಲ್ವರಿಗೆ ಇದೇ ಲೆಕ್ಕದಲ್ಲಿ 21 ಕಿಲೋ, ಬ್ಯಾರೆಲ್ಲಿನ ತೂಕ ಸೇರಿದರೆ ಮೊದಲ ದಿನ ನಮ್ಮ 23 ಕಿಲೋದ ಗೆರೆ ದಾಟಿಯೇ ಬಿಡುತ್ತದೆ. ಹಾಗಾಗಿ ಮೊದಲೆರಡು ದಿನದ ಊಟವನ್ನು ಹಗುರ ಚೀಲಗಳಿಗೆ ಹಂಚಿ. ಕೊಬ್ಬಿನಲ್ಲಿ ಗ್ರಾಮಿಗೆ 9 ಕ್ಯಾಲೊರಿ ಇರುವುದರಿಂದ ಎಣ್ಣೆ, ಬೀಜಗಳು, ಕಡಲೆಕಾಯಿ ಬೆಣ್ಣೆ ಹೆಚ್ಚಿದಷ್ಟೂ ಒಟ್ಟು ತೂಕ ಇಳಿಯುತ್ತದೆ.

ಎಲ್ಲರೂ ಎಡವುವ ಜಾಗ ಅಂದಾಜು. ‘ಒಂದು ಹಿಡಿ ಜಾಸ್ತಿ ಇರಲಿ’ ಎಂದು ಪ್ರತಿ ಊಟಕ್ಕೂ ಸೇರಿಸಿದರೆ ವಾರದ ಕೊನೆಗೆ ಮೂರು ಕಿಲೋ ಮಿಗುತ್ತದೆ. ಅದನ್ನು ಅಷ್ಟೂ ಪೋರ್ಟೇಜುಗಳಲ್ಲಿ ಹೊತ್ತಿರುತ್ತೀರಿ. ಮನೆಯಲ್ಲೇ ತಕ್ಕಡಿ ಹಿಡಿದು ಊಟಕ್ಕೊಂದು ಪೊಟ್ಟಣ ಮಾಡಿ, ಮೇಲೆ ದಿನ ಮತ್ತು ಹೊತ್ತು ಬರೆಯಿರಿ, ಬೇಕಾದ ನೀರಿನ ಅಳತೆಯನ್ನೂ ಅಲ್ಲೇ ಬರೆಯಿರಿ. ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಮನೆಯಲ್ಲೇ ಬಿಡಿ. ಕೊನೆಯ ದಿನದ್ದು ಬ್ಯಾರೆಲ್ಲಿನ ತಳಕ್ಕೆ, ಮೊದಲ ದಿನದ್ದು ಮೇಲಕ್ಕೆ. ತಾಜಾ ತರಕಾರಿ, ಮೊಟ್ಟೆ ಮೊದಲೆರಡು ದಿನಕ್ಕೆ. ಎಣ್ಣೆಯ ಬಾಟಲಿಗೆ ತಿರುಪಿನ ಮುಚ್ಚಳ ಇರಬೇಕು, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಚೀಲ. ತವರದ ಡಬ್ಬಿ, ಗಾಜಿನ ಬಾಟಲಿ ಬೇಡ: ಬೌಂಡರಿ ವಾಟರ್ಸ್‌ನಲ್ಲೂ ಕೆನಡಾದ ಆಲ್ಗೋಂಕ್ವಿನ್ ಉದ್ಯಾನದ ಒಳಕಾಡಿನಲ್ಲೂ ಅವಕ್ಕೆ ನಿಷೇಧವೇ ಇದೆ.

ಇಂಧನ ಎಂದೂ ಊಟದ ಬ್ಯಾರೆಲ್ಲಿಗೆ ಹೋಗಕೂಡದು. ದ್ರವ ಇಂಧನದ ಆವಿ ಮುಚ್ಚಿದ ಬ್ಯಾರೆಲ್ಲಿನಲ್ಲಿ ಓಟ್ಸಿಗೂ ಅಕ್ಕಿಗೂ ಹತ್ತಿ ಎಲ್ಲವನ್ನೂ ಕೆಡಿಸುತ್ತದೆ. ಗ್ಯಾಸಿನ ಪ್ರಮಾಣ ಹೀಗೆ ಎಣಿಸಿ: ಪಾತ್ರೆಗೆ ಮುಚ್ಚಳವಿದ್ದು ಗಾಳಿ ಇಲ್ಲದಿದ್ದರೆ 100 ಗ್ರಾಂ ಗ್ಯಾಸು 6ರಿಂದ 7 ಲೀಟರ್ ನೀರು ಕುದಿಸುತ್ತದೆ. ಇಬ್ಬರಿಗೆ ದಿನಕ್ಕೆ 4 ಲೀಟರ್ ಎಂದರೆ ಸುಮಾರು 60 ಗ್ರಾಂ, 6 ದಿನಕ್ಕೆ 360, ಗಾಳಿಗೆಂದು ಕಾಲು ಭಾಗ ಸೇರಿಸಿದರೆ 450. ಅಂದರೆ 230 ಗ್ರಾಮಿನ ಎರಡು ಡಬ್ಬಿ. ಕುಡಿಯುವ ನೀರನ್ನೂ ಕುದಿಸುವುದಾದರೆ ಈ ಲೆಕ್ಕ ಸಾಲದು, ಅದಕ್ಕೇ ಫಿಲ್ಟರ್. ಟೊಳ್ಳುನಾರಿನ ಫಿಲ್ಟರ್ ಒಮ್ಮೆ ನೆನೆದ ಮೇಲೆ ಹೆಪ್ಪುಗಟ್ಟಿದರೆ ಒಳಗೇ ಒಡೆಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಹಿಮ ಬೀಳುವ ರಾತ್ರಿ ಅದನ್ನು ಹಾಸಿಗೆಯೊಳಗೆ ಇಟ್ಟುಕೊಳ್ಳಿ. ಬದಲಿಗೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಒಂದಿಷ್ಟು ಇರಲಿ. ಭೇದಿ ತರಿಸುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಜೀವಿ ಸಾಯಲು 4 ಗಂಟೆ ಕಾಯಬೇಕು ಎಂಬುದು ನೆನಪಿರಲಿ.

ಕರಡಿ ಇರುವ ಕಾಡಿನಲ್ಲಿ ಬ್ಯಾರೆಲ್ ಕರಡಿಯನ್ನು ತಡೆಯುತ್ತದೆ ಎಂದುಕೊಳ್ಳಬೇಡಿ. ಅದು ವಾಸನೆಯನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಅಷ್ಟೆ. ನೆಲದಿಂದ 12 ಅಡಿ ಎತ್ತರ, ಮರದ ಬೊಡ್ಡೆಯಿಂದ 6 ಅಡಿ ದೂರ ಇರುವಂತೆ ತೂಗುಹಾಕಬೇಕು, ಅಥವಾ ಇದಕ್ಕೆಂದೇ ಪ್ರಮಾಣೀಕರಿಸಿದ ಗಟ್ಟಿ ಡಬ್ಬ ಒಯ್ಯಬೇಕು. ಟೂತ್‌ಪೇಸ್ಟ್, ಸೋಪು, ಮುಲಾಮು ಕೂಡ ಊಟದ ಜೊತೆಗೇ ಹೋಗಬೇಕು.

ದೋಣಿ ಮಗುಚಿದರೆ

ನೀರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ 1–10–1 ಎಂಬ ಲೆಕ್ಕ ಹೇಳುತ್ತಾರೆ. ಉಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವಷ್ಟು ಮೈ ತಣಿಯಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಇಲ್ಲದವರಿಗೆ ಮೊದಲ ನಿಮಿಷವೇ ಕೊನೆಯದಾಗಬಹುದು. ಜಾಕೆಟ್ ತೊಟ್ಟಿರಬೇಕು, ಸೀಟಿನ ಕೆಳಗಿಟ್ಟದ್ದು ಲೆಕ್ಕಕ್ಕಿಲ್ಲ.

ಹತ್ತು ನಿಮಿಷದಲ್ಲಿ ಬೆರಳು ಸೋಲುವುದಾದರೆ, ದಡ ಸೇರಿದ ಮೇಲೆ ಬೇಕಾದ್ದು ಚೀಲದಲ್ಲಿರಬಾರದು, ಮೈಮೇಲಿರಬೇಕು. ಚೀಲ ತೇಲಿಹೋಗಿದ್ದೀತು. ಜಾಕೆಟಿನ ಜೇಬಿನಲ್ಲಿ ಸೀಟಿ, ನೀರು ತಾಗದ ಡಬ್ಬಿಯಲ್ಲಿ ಲೈಟರು ಮತ್ತು ಕಿಡಿ ಹಿಡಿಯುವ ಹತ್ತಿಯುಂಡೆ, ಚಾಕು, ಪುಟ್ಟ ದಿಕ್ಸೂಚಿ, ಬೆಳ್ಳಿಬಣ್ಣದ ತೆಳು ಹೊದಿಕೆ, ತುರ್ತು ಸಂಕೇತ ಕಳಿಸುವ ಸಾಧನ. ಇಷ್ಟಕ್ಕಿಂತ ಹೆಚ್ಚು ತುಂಬಿದರೆ ಜೇಬು ಉಬ್ಬಿ ದೋಣಿ ಹತ್ತಲು ಅಡ್ಡಿ.

ಚೀಲಗಳನ್ನು ದೋಣಿಗೆ ಕಟ್ಟಬೇಕೇ ಬೇಡವೇ ಎಂಬುದು ಮುಗಿಯದ ವಾದ. ನಮ್ಮ ಮಾತು ಇಷ್ಟು. ರಭಸದ ನದಿಯಲ್ಲಿ ಬಿಗಿಯಾಗಿ ಕಟ್ಟಿ, ತಳಕ್ಕೆ ಒತ್ತಿದಂತೆ, ಒಂದು ಬೆರಳು ಸಡಿಲವೂ ಇಲ್ಲದಂತೆ. ಚೀಲ ಇರುವ ಜಾಗಕ್ಕೆ ನೀರು ತುಂಬುವುದಿಲ್ಲ, ದೋಣಿ ಮೇಲೆ ತೇಲುತ್ತದೆ, ಬಂಡೆಗೆ ಸಿಕ್ಕಿಕೊಳ್ಳುವ ಸಾಧ್ಯತೆ ಕಡಿಮೆ. ಅಲ್ಲಿ ಜೋತಾಡುವ ಹಗ್ಗ ಚೀಲ ಕಳೆದುಕೊಳ್ಳುವುದಕ್ಕಿಂತ ಅಪಾಯ, ಕಾಲು ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಸರೋವರದಲ್ಲಿ, ಪಕ್ಕದಲ್ಲಿ ಇನ್ನೊಂದು ದೋಣಿ ಇದ್ದರೆ, ಕಟ್ಟದಿರುವುದೇ ಮೇಲು ಅಥವಾ ಒಂದೇ ಕ್ಲಿಪ್ಪಿನಿಂದ ತಟ್ಟನೆ ಬಿಡಿಸುವಂತಿರಲಿ. ಮಗುಚಿದ ದೋಣಿಯನ್ನು ಇನ್ನೊಂದರ ಮೇಲೆ ಅಡ್ಡಲಾಗಿ ಎಳೆದು ನೀರು ಚೆಲ್ಲಬೇಕಾದರೆ ಅದು ಖಾಲಿಯಾಗಿರಬೇಕು.

ಪ್ರತಿ ದೋಣಿಗೂ ಹೆಚ್ಚುವರಿ ಹುಟ್ಟು ಒಂದು, ನೀರು ಮೊಗೆಯುವ ಡಬ್ಬ, ದೊಡ್ಡ ಸ್ಪಂಜು, ಎರಡೂ ತುದಿಗೆ ತೇಲುವ ಹಗ್ಗ ಐದೈದು ಮೀಟರ್. ನದಿಯಾದರೆ ನೀರಿಗೆ ಬಿದ್ದವರತ್ತ ಎಸೆಯಲು 15–20 ಮೀಟರಿನ ಎಸೆಹಗ್ಗದ ಚೀಲ.

ದೋಣಿಗೆ ತುಂಬುವುದು

ದೋಣಿ ಪೂರ್ತಿ ನೀರಿನ ಮೇಲಿರುವಾಗ ತುಂಬಿ. ಮೂತಿ ದಡದ ಮೇಲೆ, ಹಿಂಬದಿ ನೀರಿನಲ್ಲಿ ಇಟ್ಟುಕೊಂಡು ನಡುವೆ ಭಾರ ಹೇರಿದರೆ ಹಗುರ ಕೆವ್ಲಾರಿನ ತಳ ಬಿರುಕು ಬಿಡುತ್ತದೆ. ಅತಿ ಭಾರದ ಚೀಲ ನಡುವಿಗೆ, ನೊಗದ ಬುಡಕ್ಕೆ, ಮಲಗಿಸಿ. ಉಳಿದವು ಅದರ ಹಿಂದೆ ಮುಂದೆ. ಅಂಚಿಗಿಂತ ಮೇಲೆ ಏನೂ ಏಳದಿರಲಿ. ಎಲ್ಲರೂ ಕೂತ ಮೇಲೆ ನೀರಿನಿಂದ ಅಂಚಿಗೆ ಕನಿಷ್ಠ 15 ಸೆಂಟಿಮೀಟರ್ ಉಳಿಯಬೇಕು.

ಸಮತೋಲ ನೋಡಲು ದೋಣಿಯೊಳಗೆ ಒಂದು ಲೋಟ ನೀರು ಚೆಲ್ಲಿ. ನಡುವೆಯೇ ನಿಂತರೆ ಸರಿ. ಮೂತಿಯ ಕಡೆ ಓಡಿದರೆ ಒಂದು ಚೀಲ ಹಿಂದಕ್ಕೆ ಸರಿಸಿ. ಸಾಮಾನ್ಯವಾಗಿ ಸಮವಾಗಿ ಅಥವಾ ಹಿಂಬದಿ ಕೂದಲೆಳೆಯಷ್ಟು ಭಾರವಾಗಿ ಇರುವುದು ಒಳ್ಳೆಯದು. ಆದರೆ ಎದುರುಗಾಳಿಯಲ್ಲಿ ಮೂತಿ ಹಗುರವಿದ್ದರೆ ಗಾಳಿ ಅದನ್ನೇ ಹಿಡಿದು ತಿರುಗಿಸುತ್ತದೆ, ಹಿಂದಿನವರು ದೋಣಿಯನ್ನು ನೇರ ಇಡುವುದರಲ್ಲೇ ದಣಿಯುತ್ತಾರೆ. ಹಗಲುಚೀಲವನ್ನು ಮುಂದಿನವರ ಕಾಲ ಬಳಿಗೆ ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಗಾಳಿ ಹಿಂದಿನಿಂದ ಬಂದಾಗ ಇದರ ಉಲ್ಟಾ.

ಸಭಿಕರ ಪ್ರಶ್ನೆಗಳಿಂದ

*ರಿಪೇರಿಗೆ ಏನೆಲ್ಲ ಬೇಕು?* ಡಕ್ಟ್ ಟೇಪು ನಾಲ್ಕೈದು ಮೀಟರ್, ಎಪಾಕ್ಸಿ ಪುಟ್ಟಿ, ಪ್ಲಾಸ್ಟಿಕ್ ಕಟ್ಟುಪಟ್ಟಿ ಹತ್ತು, ಸೀಟು ಮತ್ತು ನೊಗದ ಅಳತೆಯ ಬೋಲ್ಟು ನಟ್ಟು ಎರಡೆರಡು, ಇಕ್ಕಳವಿರುವ ಮಲ್ಟಿಟೂಲ್, ದಪ್ಪ ಸೂಜಿದಾರ, ಚೀಲದ ಬಕಲ್ ಒಂದು. ಡಕ್ಟ್ ಟೇಪು ಒದ್ದೆ ಮೈಗೆ ಹಿಡಿಯುವುದಿಲ್ಲ. ಬಿರುಕಿನ ಸುತ್ತ ಒಣಬಟ್ಟೆಯಿಂದ ಒರೆಸಿ, ಬಿಸಿಲಿಗೆ ಅಥವಾ ಬಿಸಿನೀರಿನ ಪಾತ್ರೆಯ ಶಾಖಕ್ಕೆ ಬೆಚ್ಚಗೆ ಮಾಡಿ, ಆಮೇಲೆ ಅಂಟಿಸಿ ಉಜ್ಜಿ.

*ಔಷಧಿ?* ದಿನವೂ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಎರಡು ಪಾಲು ಮಾಡಿ ಎರಡು ಬೇರೆ ಚೀಲದಲ್ಲಿ ಇಡಿ. ಅಲರ್ಜಿಯ ಮಾತ್ರೆ, ನೋವಿನ ಮಾತ್ರೆ, ಭೇದಿಗೆ ಮಾತ್ರೆ ಮತ್ತು ಓಆರ್‌ಎಸ್, ಬೊಬ್ಬೆಗೆ ಪಟ್ಟಿ, ಸುಟ್ಟಗಾಯಕ್ಕೆ ಬ್ಯಾಂಡೇಜು, ಚಿಮುಟ. ಮೀನು ಹಿಡಿಯುವವರಿದ್ದರೆ ಗಾಳ ಕತ್ತರಿಸಬಲ್ಲ ಇಕ್ಕಳ.

*ಫೋನಿನಲ್ಲಿ ನಕ್ಷೆ ಇರುವಾಗ ಕಾಗದದ್ದು ಯಾಕೆ?* ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. 1:50,000 ಅಳತೆಯ ಕಾಗದದ ನಕ್ಷೆ ಪಾರದರ್ಶಕ ಚೀಲದಲ್ಲಿ ಮುಂದಿನವರ ಎದುರಿಗಿರಲಿ. ಅದರಲ್ಲಿ 2 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್, ತುಂಬಿದ ಕೆನೂ ನಿಂತ ನೀರಿನಲ್ಲಿ ಗಂಟೆಗೆ 4–5 ಕಿಲೋಮೀಟರ್. ಎರಡನೇ ಪ್ರತಿ ಇನ್ನೊಂದು ದೋಣಿಯಲ್ಲಿ, ಮೂರನೆಯದು ದಾರಿ ಮತ್ತು ವಾಪಸಾಗುವ ದಿನ ಗುರುತು ಹಾಕಿ ಮನೆಯಲ್ಲಿ. ಹೇಳಿದ ದಿನಕ್ಕೆ ಬಾರದಿದ್ದರೆ ಎಷ್ಟು ಗಂಟೆ ಕಾದು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಅದರ ಮೇಲೆಯೇ ಬರೆದಿಡಿ.

*ಹೊರಡುವ ಮೊದಲು ಎಲ್ಲ ಸರಿಯಾಗಿದೆಯೇ ಎಂದು ನೋಡುವುದು ಹೇಗೆ?* ಒಂದು ವಾರ ಮೊದಲೇ ಪೂರ್ತಿ ಕಟ್ಟಿ, ಪ್ರತಿ ಚೀಲವನ್ನೂ ತೂಗಿ. ಎತ್ತಿಕೊಂಡು ಅರ್ಧ ಕಿಲೋಮೀಟರ್ ನಡೆಯಿರಿ. ಆಮೇಲೆ ಒಳಚೀಲಕ್ಕೆ ಒಂದು ಹಳೆಯ ದಿನಪತ್ರಿಕೆ ಹಾಕಿ, ಬಾಯಿ ಕಟ್ಟಿ, ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಪತ್ರಿಕೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿಂದ ತೂತು ಹುಡುಕಿ. ಬಾಯಿಯ ಹತ್ತಿರ ಒದ್ದೆಯಾಗಿದ್ದರೆ ಚೀಲ ಚೆನ್ನಾಗಿದೆ, ಕಟ್ಟಿದ್ದು ಸಡಿಲ.